ಚಿತ್ರಮಂದಿರದ ಅಂಗಳದಿಂದ ಅಂಗೈಯ ಪರದೆಗೆ: ರೋಣ, ನರಗುಂದ, ಗಜೇಂದ್ರಗಡ ಪರಿಸರದಲ್ಲಿ ಚಲನಚಿತ್ರ ಚರ್ಚೆ

ಕನ್ನಡ ಚಲನಚಿತ್ರದ ಚರಿತ್ರೆಯು ಈವರೆಗೆ ಬಹುಮಟ್ಟಿಗೆ ಚಿತ್ರಗಳ, ನಿರ್ಮಾಪಕರ, ನಿರ್ದೇಶಕರ ಹಾಗೂ ತಾರೆಯರ ಚರಿತ್ರೆಯಾಗಿ ರೂಪುಗೊಂಡಿದೆ. ಚಿತ್ರವನ್ನು ನೋಡಿದವರು ಅದರ ಬಗೆಗೆ ಏನು ಮಾತನಾಡಿಕೊಂಡರು, ಯಾವ ಮಾನದಂಡದಿಂದ ಅಳೆದರು, ಯಾವುದಕ್ಕಾಗಿ ಜಗಳವಾಡಿದರು ಎಂಬ ಸಂಗತಿಗಳು ದಾಖಲೆಯ ಅಂಚಿನಲ್ಲಿಯೇ ಉಳಿದಿವೆ. ಇದಕ್ಕೆ ಕಾರಣ ಸ್ಪಷ್ಟ. ಭಿತ್ತಿಪತ್ರ ಉಳಿಯುತ್ತದೆ, ಹಾಡಿನ ಪುಸ್ತಕ ಉಳಿಯುತ್ತದೆ, ಪತ್ರಿಕೆಯ ವಿಮರ್ಶೆ ಉಳಿಯುತ್ತದೆ. ಆಟ ಬಿಟ್ಟ ಮೇಲೆ ಚಹಾದಂಗಡಿಯ ಮುಂದೆ ನಡೆದ ವಾದ ಉಳಿಯುವುದಿಲ್ಲ. ಆದರೆ ಒಂದು ಚಿತ್ರ ಒಂದು ಊರಿನಲ್ಲಿ ಎಷ್ಟು ದಿನ ನಿಲ್ಲಬೇಕು ಎಂಬುದನ್ನು ನಿರ್ಧರಿಸುವಲ್ಲಿ ಆ ವಾದದ ಪಾತ್ರ ಬಹುಕಾಲ ಸಣ್ಣದಾಗಿರಲಿಲ್ಲ.

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳಂಥ ಊರುಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗ ಈ ಚರ್ಚೆಯ ಸ್ವರೂಪದಲ್ಲಿ ಒಂದು ಮುಖ್ಯವಾದ ಪಲ್ಲಟ ಕಾಣುತ್ತದೆ. ಕಂಪನಿ ನಾಟಕದ ಕಾಲದಲ್ಲಿ ಪ್ರೇಕ್ಷಕನ ಮಾತು ಆಟ ನಡೆಯುತ್ತಿರುವಾಗಲೇ ಕೇಳಿಬರುತ್ತಿತ್ತು. ಚಲನಚಿತ್ರ ಬಂದ ಮೇಲೆ ಅದು ಆಟದ ನಂತರಕ್ಕೆ ಸರಿಯಿತು. ಇಂದು ಅದರ ಬಹುಪಾಲು ಚಿತ್ರ ತೆರೆಕಾಣುವ ಮೊದಲೇ ಮುಗಿದಿರುತ್ತದೆ. ಅಂತರ್ಜಾಲ ಬಂದುದರಿಂದ ಜನ ಚಿತ್ರಗಳನ್ನು ಚರ್ಚಿಸತೊಡಗಿದರು ಎಂಬ ಅಭಿಪ್ರಾಯ ಸಾಮಾನ್ಯವಾಗಿದೆಯಾದರೂ ಅದು ಸರಿಯಲ್ಲ. ಚರ್ಚೆ ಹಳೆಯದು, ಬದಲಾದುದು ಅದರ ಕಾಲ, ಮತ್ತು ಆ ಕಾಲದೊಂದಿಗೆ ಅದರ ಅಧಿಕಾರ. ಈ ಪಲ್ಲಟದಿಂದ ಸಣ್ಣ ಊರಿನ ಪ್ರೇಕ್ಷಕನು ಪಡೆದುದೇನು, ಕಳೆದುಕೊಂಡುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಟದ ನಡುವಿನ ತೀರ್ಪು

ಈ ಮೂರು ಊರುಗಳು ಮಲಪ್ರಭೆಯ ದಕ್ಷಿಣಕ್ಕಿರುವ ಕರಿಮಣ್ಣಿನ ಸೀಮೆಗೆ ಸೇರಿದವು. 1956ರ ನವೆಂಬರ್ 1ರಂದು ರಾಜ್ಯ ಏಕೀಕರಣವಾಗುವವರೆಗೆ ಈ ಪ್ರದೇಶ ಮುಂಬಯಿ ಆಡಳಿತದಲ್ಲಿದ್ದಿತು. ಅನಂತರ ಧಾರವಾಡ ಜಿಲ್ಲೆಯ ಭಾಗವಾಗಿದ್ದು, 1997ರಲ್ಲಿ ಗದಗ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು. ನರಗುಂದವು 1858ರ ಬಾಬಾಸಾಹೇಬನ ಬಂಡಾಯದಿಂದ ಮತ್ತು 1980ರ ರೈತ ಹೋರಾಟದಿಂದ ನಾಡಿಗೆ ಪರಿಚಿತ. ಗಜೇಂದ್ರಗಡವು ಬೆಟ್ಟದ ಕೋಟೆಗೂ ನೇಕಾರಿಕೆಗೂ ಹೆಸರಾದುದು. ಬಹುಕಾಲ ರೋಣ ತಾಲ್ಲೂಕಿನಲ್ಲಿದ್ದು ಈಚೆಗೆ ತಾನೇ ತಾಲ್ಲೂಕು ಕೇಂದ್ರವಾಗಿದೆ. ರೋಣವು ಪಂಡಿತ ಭೀಮಸೇನ ಜೋಶಿಯವರ ಊರು.

ಭೀಮಸೇನ ಜೋಶಿಯವರ ಹೆಸರು ಇಲ್ಲಿ ಕೇವಲ ಅಭಿಮಾನದ ಮಾತಾಗಿ ಬರುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮ, ಧಾರವಾಡ-ಹುಬ್ಬಳ್ಳಿಯ ಹಿಂದೂಸ್ತಾನಿ ಗಾಯಕರು, ಊರೂರು ತಿರುಗುವ ನಾಟಕ ಕಂಪನಿಗಳು, ಜಾತ್ರೆಯ ಬಯಲಾಟಗಳು ಇವೆಲ್ಲ ಸೇರಿ ಈ ಭಾಗದ ಸಾಮಾನ್ಯ ಕೇಳುಗನ ಕಿವಿಯನ್ನು ಸಿದ್ಧಗೊಳಿಸಿದ್ದವು. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಶಿರಹಟ್ಟಿ ವೆಂಕೋಬರಾಯರ ಮಂಡಳಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ಮುಂತಾದವು ಉತ್ತರ ಕರ್ನಾಟಕದ ಪ್ರೇಕ್ಷಕನಿಗೆ ನಟನನ್ನು ಅಳೆಯುವ ಮಾನದಂಡಗಳನ್ನು ಕಲಿಸಿದವು. ಮಾತು ಕೊನೆಯ ಸಾಲಿನವರೆಗೆ ಕೇಳಬೇಕು, ಹಾಡು ಶ್ರುತಿಯಲ್ಲಿರಬೇಕು, ಪಾತ್ರಕ್ಕೆ ತಕ್ಕ ನಿಲುವಿರಬೇಕು ಎಂಬ ಮೂರು ನಿರೀಕ್ಷೆಗಳು ಸಾಮಾನ್ಯವಾಗಿದ್ದವು.

ಈ ಪ್ರೇಕ್ಷಕನ ತೀರ್ಪಿಗೆ ತತ್‌ಕ್ಷಣದ ಪರಿಣಾಮವಿದ್ದಿತು. ಹಾಡು ಹಿಡಿಸಿದರೆ ‘ವನ್ಸ್ ಮೋರ್’ ಎಂಬ ಕೂಗು ಏಳುತ್ತಿತ್ತು. ನಟ ಕಥೆಯ ಓಟವನ್ನು ನಿಲ್ಲಿಸಿ ಮತ್ತೊಮ್ಮೆ ಹಾಡುತ್ತಿದ್ದ. ಹಿಡಿಸದಿದ್ದರೆ ಗದ್ದಲವಾಗುತ್ತಿತ್ತು. ಮರುದಿನದ ಆಟದಲ್ಲಿ ಹಾಡು, ಹಾಸ್ಯಪ್ರಸಂಗಗಳ ಉದ್ದ ಬದಲಾಗುವುದು ಕಂಪನಿ ರಂಗಭೂಮಿಯಲ್ಲಿ ಅಪರೂಪವಾಗಿರಲಿಲ್ಲ. ಹೀಗಾಗಿ ಪ್ರೇಕ್ಷಕನು ಕೃತಿಯ ಹೊರಗೆ ನಿಂತ ವಿಮರ್ಶಕನಾಗಿರದೆ, ಅದನ್ನು ತಿದ್ದುವ ಶಕ್ತಿಯುಳ್ಳ ಪಾಲುದಾರನಾಗಿದ್ದ. ಮುಂದಿನ ಬದಲಾವಣೆಗಳನ್ನು ಅರಿಯಲು ಈ ಅಂಶವನ್ನು ನೆನಪಿನಲ್ಲಿಡುವುದು ಅಗತ್ಯ.

ತಡವಾಗಿ ಬಂದ ಚಿತ್ರ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶಿಸಿದ ಈ ಚಿತ್ರದ ಚಿತ್ರೀಕರಣ ನಡೆದುದು ಕೊಲ್ಲಾಪುರದಲ್ಲಿ. ಅದರಲ್ಲಿ ಅಭಿನಯಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ರಂಗಭೂಮಿಯಿಂದ ಬಂದವರು. ಇಪ್ಪತ್ತು ವರ್ಷಗಳ ಅನಂತರ, 1954ರಲ್ಲಿ, ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದ ಮೂಲಕ ನಾಯಕನಾಗಿ ಬಂದ ರಾಜ್‌ಕುಮಾರ್ ಅವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರೇ. ಆದುದರಿಂದ ನಾಟಕದ ಪ್ರೇಕ್ಷಕನು ತನ್ನ ಹಳೆಯ ಅಳತೆಗೋಲನ್ನೇ ಹೊಸ ಮಾಧ್ಯಮಕ್ಕೂ ಬಳಸಲು ಅಡ್ಡಿಯಾಗಲಿಲ್ಲ. ಆದರೆ ಒಂದು ವ್ಯತ್ಯಾಸ ಮೂಲಭೂತವಾಗಿತ್ತು. ಪರದೆಯ ಮೇಲಿನ ನಟನಿಗೆ ‘ವನ್ಸ್ ಮೋರ್’ ಕೇಳಿಸುವುದಿಲ್ಲ. ತೀರ್ಪು ಕೃತಿಯನ್ನು ತಿದ್ದಲಾರದು. ಅದನ್ನು ಊರಿನಲ್ಲಿ ಉಳಿಸಬಹುದು ಇಲ್ಲವೆ ಕಳಿಸಬಹುದು, ಅಷ್ಟೇ.

ಎರಡನೆಯದಾಗಿ, ಚಿತ್ರವು ಸಣ್ಣ ಊರಿಗೆ ತಡವಾಗಿ ಬರುತ್ತಿತ್ತು. ಪ್ರತಿಗಳ ಸಂಖ್ಯೆ ಸೀಮಿತವಾಗಿದ್ದುದರಿಂದ ಅವು ಮೊದಲು ದೊಡ್ಡ ನಗರಗಳಲ್ಲಿ ಓಡಿ, ಅನಂತರ ಜಿಲ್ಲಾ ಕೇಂದ್ರಗಳನ್ನು ಮುಟ್ಟಿ, ಕೊನೆಗೆ ತಾಲ್ಲೂಕು ಊರುಗಳಿಗೂ ಟೂರಿಂಗ್ ಟಾಕೀಸುಗಳ ಡೇರೆಗಳಿಗೂ ಬರುತ್ತಿದ್ದವು. ಅಷ್ಟರಲ್ಲಿ ಸುರುಳಿಯಲ್ಲಿ ಗೆರೆಗಳು ಬಿದ್ದಿರುತ್ತಿದ್ದವು, ಕೆಲವು ತುಣುಕುಗಳು ಕತ್ತರಿಸಿಹೋಗಿರುತ್ತಿದ್ದವು. ಹುಬ್ಬಳ್ಳಿಗೋ ಗದಗಿಗೋ ಹೋಗಿ ಚಿತ್ರ ನೋಡಿ ಬಂದವನು ಊರಿನಲ್ಲಿ ಕೆಲಕಾಲ ಅಧಿಕೃತ ವಿಮರ್ಶಕನಾಗಿರುತ್ತಿದ್ದ. ಆದರೆ ಚಿತ್ರ ಊರಿಗೆ ಬಂದಾಗ ಎಲ್ಲರೂ ನೋಡಿ ಅವನ ಮಾತನ್ನು ಒರೆಗೆ ಹಚ್ಚುತ್ತಿದ್ದರು. ತಡವಾದುದರಿಂದ ತೀರ್ಪೂ ನಿಧಾನವಾಯಿತು. ನಿಧಾನವಾದುದರಿಂದ ಅದು ನೋಟವನ್ನು ಆಧರಿಸಿತ್ತು.

ಮೂರನೆಯ ಸಂಗತಿ ಹಂಚಿಕೆಯ ಭೂಗೋಳಕ್ಕೆ ಸಂಬಂಧಿಸಿದುದು. ರಾಜ್ಯಗಳು ಭಾಷಾವಾರು ಮರುರಚನೆಯಾದರೂ ಹಿಂದಿ ಚಿತ್ರಗಳ ಹಂಚಿಕೆಯ ವಲಯಗಳು ಹಳೆಯ ಗಡಿಗಳನ್ನೇ ಉಳಿಸಿಕೊಂಡವು. ಮುಂಬಯಿ ಕರ್ನಾಟಕದ ಜಿಲ್ಲೆಗಳು ಮುಂಬಯಿ ವಲಯದಲ್ಲಿಯೂ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳು ನಿಜಾಮ್ ವಲಯದಲ್ಲಿಯೂ ಮುಂದುವರಿದವು. ಈ ಕಾರಣದಿಂದ ಎರೆಸೀಮೆಯ ಪ್ರೇಕ್ಷಕನು ಕನ್ನಡ ಚಿತ್ರವನ್ನು ಹಿಂದಿ ಚಿತ್ರದ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸವನ್ನು ಹಳೆಯ ಮೈಸೂರು ಭಾಗದ ಪ್ರೇಕ್ಷಕನಿಗಿಂತ ಹೆಚ್ಚಾಗಿ ಬೆಳೆಸಿಕೊಂಡ. ರೋಣದ ಭೀಮಸೇನ ಜೋಶಿಯವರು 1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’ನಲ್ಲಿ ಹಾಡಿ, ಅನಂತರ 1966ರ ಕನ್ನಡ ಚಿತ್ರ ‘ಸಂಧ್ಯಾರಾಗ’ದಲ್ಲಿ ಹಾಡಿದುದು ಈ ಎರಡು ಲೋಕಗಳ ಸಾಮೀಪ್ಯವನ್ನು ಸೂಚಿಸುತ್ತದೆ.

ನಿರ್ದೇಶಕ ಮತ್ತು ನಟ: ಎರಡು ಬಗೆಯ ವಾದ

ಸಾಮಾನ್ಯ ಪ್ರೇಕ್ಷಕರ ಮಾತಿನಲ್ಲಿ ನಿರ್ದೇಶಕನ ಹೆಸರು ನೆಲೆಗೊಂಡುದರಲ್ಲಿ ಪುಟ್ಟಣ್ಣ ಕಣಗಾಲರ ಪಾತ್ರ ದೊಡ್ಡದು. 1972ರ ‘ನಾಗರಹಾವು’ ಇದಕ್ಕೆ ಒಳ್ಳೆಯ ನಿದರ್ಶನ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ಈ ಚಿತ್ರ ವಿಷ್ಣುವರ್ಧನರನ್ನು ನಾಯಕರನ್ನಾಗಿ ನಿಲ್ಲಿಸಿತು; ಅದೇ ವೇಳೆ ಚಿತ್ರದ ರೂಪಾಂತರದ ಬಗ್ಗೆ ಸ್ವತಃ ಕಾದಂಬರಿಕಾರರು ಅಸಮಾಧಾನ ತೋರಿದುದು ಪ್ರಸಿದ್ಧ. ಕಾದಂಬರಿ ಓದಿದವರಿಗೂ ಚಿತ್ರ ನೋಡಿದವರಿಗೂ ನಡುವೆ ನಡೆದ ಈ ವಾದದ ಕೇಂದ್ರದಲ್ಲಿ ನಟನಿರಲಿಲ್ಲ. ಮೂಲವನ್ನು ಬದಲಿಸುವ ಹಕ್ಕು ನಿರ್ದೇಶಕನಿಗೆ ಎಷ್ಟಿದೆ ಎಂಬ ಪ್ರಶ್ನೆ ಅದರ ಕೇಂದ್ರದಲ್ಲಿತ್ತು. ‘ರೂಪತಾರಾ’, ‘ವಿಜಯಚಿತ್ರ’ದಂತಹ ಪತ್ರಿಕೆಗಳು, ಅವುಗಳ ಪ್ರಶ್ನೋತ್ತರಗಳು ಮತ್ತು ಓದುಗರ ಪತ್ರಗಳು ತಾಲ್ಲೂಕು ಊರಿನ ಓದುಗನಿಗೂ ಇಂಥ ವಾದದಲ್ಲಿ ಸ್ಥಾನ ಕೊಟ್ಟವು. ಅಂಚೆಯ ಮೂಲಕ ಹೋದ ಒಂದು ಪ್ರಶ್ನೆಗೆ ಉತ್ತರ ಬರಲು ವಾರಗಳೇ ಬೇಕಾಗುತ್ತಿದ್ದವು ಎಂಬುದು ಬೇರೆ ಮಾತು.

ನಟರನ್ನು ಕುರಿತ ವಾದದ ಗತಿ ಬೇರೆ. 1973ರ ‘ಗಂಧದ ಗುಡಿ’ಯಲ್ಲಿ ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್ ಒಟ್ಟಿಗೆ ಅಭಿನಯಿಸಿದ ಬಳಿಕ ಹಬ್ಬಿದ ವದಂತಿಗಳು ಅಭಿಮಾನಿಗಳನ್ನು ಎರಡು ಪಾಳೆಯಗಳಾಗಿ ಒಡೆದವು. ಇಬ್ಬರು ನಟರು ಮತ್ತೆ ಜೊತೆಯಾಗಿ ಅಭಿನಯಿಸಲಿಲ್ಲ. ಮತ್ತೊಂದೆಡೆ, 1982ರ ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಅವರು ನಾಡಿನುದ್ದಕ್ಕೂ ಸಂಚರಿಸಿದಾಗ, ಅಭಿಮಾನಿ ಸಂಘಗಳು ಭಾಷೆಯ ಪ್ರಶ್ನೆಯನ್ನು ಬೀದಿಗೆ ತರುವ ಶಕ್ತಿಯಾಗಿ ಪರಿಣಮಿಸಿದವು. ನಟನ ಬಗೆಗಿನ ಅಭಿಮಾನ ಒಂದೆಡೆ ಸೀಳಬಲ್ಲುದು, ಇನ್ನೊಂದೆಡೆ ಕೂಡಿಸಬಲ್ಲುದು ಎಂಬುದಕ್ಕೆ ಒಂದೇ ದಶಕದ ಅಂತರದಲ್ಲಿ ದೊರೆಯುವ ಈ ಎರಡು ಉದಾಹರಣೆಗಳು ಮುಖ್ಯವಾದವು.

ನುಡಿಯ ಪ್ರಶ್ನೆ

ಉತ್ತರ ಕರ್ನಾಟಕದ ಪ್ರೇಕ್ಷಕರ ಚರ್ಚೆಯಲ್ಲಿ ಪದೇ ಪದೇ ಬರುವ ವಿಷಯವೊಂದಿದೆ: ಪರದೆಯ ಮೇಲೆ ತಮ್ಮ ಮಾತು ಯಾರ ಬಾಯಲ್ಲಿ ಬರುತ್ತದೆ ಎಂಬುದು. ಕನ್ನಡ ಚಿತ್ರೋದ್ಯಮ ಮೊದಲು ಮದ್ರಾಸಿನಲ್ಲಿ, ಅನಂತರ ಬೆಂಗಳೂರಿನಲ್ಲಿ ನೆಲೆಸಿದುದರಿಂದ ನಾಯಕನ ಭಾಷೆ ದಕ್ಷಿಣದ ಶಿಷ್ಟಭಾಷೆಯಾಯಿತು. ಧಾರವಾಡ ಸೀಮೆಯ ಆಡುನುಡಿಯು ಬಹುಮಟ್ಟಿಗೆ ಹಾಸ್ಯಪಾತ್ರದ, ಆಳಿನ, ಹಳ್ಳಿಯ ಮುಗ್ಧನ ಮಾತಾಗಿ ಬಳಕೆಯಾಯಿತು. ‘ಹೌದ್ರಿ’, ‘ಏನ್ರಿ’ ಎಂಬ ಎರಡು ಪದಗಳನ್ನು ಸೇರಿಸಿದರೆ ಉತ್ತರ ಕರ್ನಾಟಕವಾಯಿತು ಎಂಬ ಧೋರಣೆಗೆ ಈ ಭಾಗದಲ್ಲಿ ಆಕ್ಷೇಪ ಇಂದಿಗೂ ಇದೆ.

ಈ ಹಿನ್ನೆಲೆಯಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ (1990) ಮತ್ತು ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿದ ‘ನಾಗಮಂಡಲ’ (1997) ಚಿತ್ರಗಳ ಮಹತ್ವವನ್ನು ಗುರುತಿಸಬೇಕು. ‘ನಾಗಮಂಡಲ’ಕ್ಕೆ ಗೋಪಾಲ ವಾಜಪೇಯಿಯವರು ಬರೆದ ಮಾತು ಮತ್ತು ಹಾಡುಗಳಲ್ಲಿ ಈ ಸೀಮೆಯ ನುಡಿಯು ಪ್ರೀತಿಯನ್ನೂ ಸಂಶಯವನ್ನೂ ದುಃಖವನ್ನೂ ಆಡಬಲ್ಲ ಪೂರ್ಣ ಭಾಷೆಯಾಗಿ ಬಂದಿತು. ಪ್ರೇಕ್ಷಕನಿಗೆ ಇದು ಕೇವಲ ಸಹಜತೆಯ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ. 2016ರಲ್ಲಿ ತೆರೆಕಂಡ ರಾಮ್ ರೆಡ್ಡಿಯವರ ‘ತಿಥಿ’ ಮಂಡ್ಯದ ಮಾತಿಗೆ ಇಂಥದೇ ಸ್ಥಾನ ಕೊಟ್ಟಾಗ, ನಮ್ಮ ನುಡಿಗೆ ಯಾವಾಗ ಎಂಬ ಪ್ರಶ್ನೆ ಇಲ್ಲಿ ಕೇಳಿಬರುವುದು ಸಹಜವೇ ಆಗಿದೆ.

ಇದೇ ಸಂದರ್ಭದಲ್ಲಿ ‘ನರಗುಂದ ಬಂಡಾಯ’ ಚಿತ್ರವನ್ನು ಪ್ರಸ್ತಾಪಿಸಬೇಕು. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರವನ್ನು ವಿರೋಧಿಸಿ ನಡೆಸಿದ ಹೋರಾಟ 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ಪ್ರಾಣಹಾನಿಗೆ ಎಡೆಯಾಗಿ, ರಾಜ್ಯದ ರಾಜಕಾರಣದ ದಿಕ್ಕನ್ನೇ ಬದಲಿಸಿತು. ಈ ಹೋರಾಟವನ್ನು ವಸ್ತುವಾಗಿಸಿಕೊಂಡು ನಾಗೇಂದ್ರ ಮಾಗಡಿ ನಿರ್ದೇಶಿಸಿದ, ರಕ್ಷ್ ನಾಯಕರಾಗಿದ್ದ ಚಿತ್ರ 2020ರ ಮಾರ್ಚ್‌ನಲ್ಲಿ ತೆರೆಕಂಡಿತು. ಘಟನೆಯನ್ನು ಕಣ್ಣಾರೆ ಕಂಡವರು ಇನ್ನೂ ಇರುವ ಊರಿನಲ್ಲಿ ಅಂಥ ಚಿತ್ರಕ್ಕೆ ಎದುರಾಗುವ ಪರೀಕ್ಷೆ ಬೇರೆ ಯಾವ ವಿಮರ್ಶೆಗಿಂತಲೂ ಕಠಿಣವಾದುದು. ಆದರೆ ಅದೇ ತಿಂಗಳು ಕೊರೋನಾ ಕಾರಣದಿಂದ ರಾಜ್ಯದ ಚಿತ್ರಮಂದಿರಗಳು ಮುಚ್ಚಿದವು. ನರಗುಂದದವರೇ ಅಧಿಕಾರದಿಂದ ನಡೆಸಬಹುದಾಗಿದ್ದ ಚರ್ಚೆಗೆ ಚಿತ್ರಮಂದಿರದ ಅಂಗಳ ದೊರೆಯದೆ ಹೋಯಿತು.

ಚಿತ್ರಕ್ಕಿಂತ ಮೊದಲಿನ ಚರ್ಚೆ

ದೂರದರ್ಶನ ಮತ್ತು ಖಾಸಗಿ ವಾಹಿನಿಗಳು ಚಿತ್ರವೀಕ್ಷಣೆಯನ್ನು ಮನೆಯೊಳಕ್ಕೆ ತಂದುವು. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಕರಾವಳಿಯ ಮೀನುಗಾರರ ಊರೊಂದರಲ್ಲಿ ಇದರಿಂದಾದ ತಲ್ಲಣವನ್ನು ಚಿತ್ರಿಸಿದೆ. ಆದರೆ ಚರ್ಚೆಯ ಕಾಲವನ್ನೇ ಹಿಂದುಮುಂದಾಗಿಸಿದ್ದು ಅನಂತರದ ಎರಡು ತಾಂತ್ರಿಕ ಬದಲಾವಣೆಗಳು. 2000ರ ದಶಕದ ಮಧ್ಯಭಾಗದಿಂದ ಉಪಗ್ರಹದ ಮೂಲಕ ಚಿತ್ರವನ್ನು ಚಿತ್ರಮಂದಿರಕ್ಕೆ ತಲಪಿಸುವ ಡಿಜಿಟಲ್ ವ್ಯವಸ್ಥೆ ಬಂದುದರಿಂದ ಪ್ರತಿಗಾಗಿ ಕಾಯುವ ಅಗತ್ಯ ಕಡಿಮೆಯಾಯಿತು. ಬೆಂಗಳೂರಿನ ಮೊದಲ ದಿನವೇ ತಾಲ್ಲೂಕು ಊರಿಗೂ ಮೊದಲ ದಿನವಾಗುವುದು ಸಾಧ್ಯವಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಅಂತರ್ಜಾಲ ಅಗ್ಗವಾಗಿ, ಮೊಬೈಲ್ ಪರದೆಯೇ ವಾದದ ಕಟ್ಟೆಯಾಯಿತು. ಕನ್ನಡ ಲಿಪಿಯಲ್ಲಿ ಬರೆಯುವ ಸೌಲಭ್ಯ ‘ಬರಹ’, ‘ನುಡಿ’ ತಂತ್ರಾಂಶಗಳಿಂದ ಗಣಕದಲ್ಲಿ ಮೊದಲೇ ಇದ್ದಿತು. ಅದು ಕೈಗೆ ಬಂದುದು ಮೊಬೈಲಿನೊಂದಿಗೆ.

ಈ ಹೊಸ ಚರ್ಚೆಯ ರಚನಾತ್ಮಕ ಶಕ್ತಿಗೆ ‘ಲೂಸಿಯಾ’ ಒಂದು ಗಟ್ಟಿಯಾದ ಸಾಕ್ಷಿ. ‘ಲೈಫು ಇಷ್ಟೇನೆ’ (2011) ಚಿತ್ರದ ನಂತರ ನಿರ್ದೇಶಕ ಪವನ್ ಕುಮಾರ್ ತಮ್ಮ ಮುಂದಿನ ಕಥೆಗೆ ನಿರ್ಮಾಪಕರು ದೊರೆಯದಿದ್ದಾಗ ಅಂತರ್ಜಾಲದಲ್ಲಿ ನೇರವಾಗಿ ಪ್ರೇಕ್ಷಕರನ್ನು ಕೇಳಿದರು. ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಕೊಟ್ಟರು. 2013ರ ಸೆಪ್ಟೆಂಬರ್‌ನಲ್ಲಿ ತೆರೆಕಂಡ ಆ ಚಿತ್ರದ ನಾಯಕ ಹಳೆಯ ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಜನರಿಗೆ ಆಸನ ತೋರಿಸುವ ಕೆಲಸಗಾರ ಎಂಬುದು ಅರ್ಥಪೂರ್ಣವಾಗಿದೆ. ಕಂಪನಿ ನಾಟಕದ ಕಾಲದಲ್ಲಿ ಪ್ರೇಕ್ಷಕನಿಗಿದ್ದ, ಚಲನಚಿತ್ರ ಕಸಿದುಕೊಂಡಿದ್ದ ಪಾಲುದಾರಿಕೆ ಇಲ್ಲಿ ಇನ್ನೊಂದು ರೂಪದಲ್ಲಿ ಮರಳಿತು.

ಡಬ್ಬಿಂಗ್ ಕುರಿತ ವಾದ ಇನ್ನೊಂದು ನಿದರ್ಶನ. 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಆಗದಂತೆ ಉದ್ಯಮ ತಡೆದಿತ್ತು. ಪರಭಾಷೆಯ ಚಿತ್ರಗಳನ್ನು ಕನ್ನಡದಲ್ಲಿಯೇ ನೋಡುವುದು ಗ್ರಾಹಕನ ಹಕ್ಕು ಎಂಬ ವಾದ ಅಂತರ್ಜಾಲದ ಕನ್ನಡಿಗರಲ್ಲಿ ಬಲಗೊಂಡು, ಕನ್ನಡ ಗ್ರಾಹಕರ ಕೂಟದ ಮೂಲಕ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಯಿತು. 2015ರ ಜುಲೈನಲ್ಲಿ ಆಯೋಗ ಈ ನಿರ್ಬಂಧದ ವಿರುದ್ಧ ಆದೇಶ ನೀಡಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’, 2019ರಲ್ಲಿ ‘ಸೈರಾ ನರಸಿಂಹ ರೆಡ್ಡಿ’ ಕನ್ನಡಕ್ಕೆ ಬಂದವು. ಡಬ್ಬಿಂಗ್ ಬಂದರೆ ನಮ್ಮ ಕಲಾವಿದರ ಅನ್ನಕ್ಕೆ ಕುತ್ತು ಎಂಬುದು ವಿರೋಧಿಗಳ ನಿಲುವಾಗಿತ್ತು. ಅದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ತಲೆಮಾರುಗಳಿಂದ ಹಿಂದಿ ಚಿತ್ರಗಳನ್ನು ಹಿಂದಿಯಲ್ಲಿಯೇ ನೋಡುತ್ತ ಬಂದ ಮುಂಬಯಿ ಕರ್ನಾಟಕದ ಸಣ್ಣ ಊರುಗಳಲ್ಲಿ ಈ ಪ್ರಶ್ನೆಗೆ ಬೆಂಗಳೂರಿನಲ್ಲಿಲ್ಲದ ಅರ್ಥವಿದೆ. ಇಲ್ಲಿ ಡಬ್ಬಿಂಗ್ ಇಲ್ಲದಿದ್ದಾಗ ಕನ್ನಡ ಉಳಿಯಿತೋ ಹಿಂದಿ ಬೆಳೆಯಿತೋ ಎಂಬುದನ್ನು ಅಳೆಯದೆ ತೀರ್ಮಾನ ಸಾಧ್ಯವಿಲ್ಲ.

ಇವೆರಡು ಚರ್ಚೆಯ ಗಳಿಕೆಯ ಉದಾಹರಣೆಗಳು. ನಷ್ಟದ ಬದಿಯೂ ಇದೆ. ‘ಕೆಜಿಎಫ್’ ಚಿತ್ರದ ಮೊದಲ ಭಾಗ 2018ರ ಡಿಸೆಂಬರ್ 21ರಂದು ತೆರೆಕಂಡಿತು. ಎರಡನೆಯ ಭಾಗ 2020ರ ಅಕ್ಟೋಬರ್, 2021ರ ಜುಲೈ ಎಂದು ಮುಂದಕ್ಕೆ ಹೋಗಿ ಕೊನೆಗೆ 2022ರ ಏಪ್ರಿಲ್ 14ರಂದು ಬಂದಿತು. ಈ ಮೂರು ವರ್ಷಗಳಲ್ಲಿ, 2021ರ ಜನವರಿಯಲ್ಲಿ ಬಂದ ಕೆಲವೇ ನಿಮಿಷಗಳ ಟೀಸರ್ ಒಂದನ್ನೇ ಆಧಾರವಾಗಿಟ್ಟುಕೊಂಡು ಅಭಿಮಾನಿಗಳು ಕಥೆಯನ್ನು ಊಹಿಸಿದರು, ಗಳಿಕೆಯನ್ನು ಲೆಕ್ಕ ಹಾಕಿದರು, ಇತರ ನಟರೊಂದಿಗೆ ತೂಗಿದರು. ನೋಡದ ಚಿತ್ರದ ಬಗ್ಗೆ ಆಡುವ ಮಾತಿಗೆ ನೋಟದ ಆಧಾರವಿರುವುದಿಲ್ಲ. ಆ ಜಾಗವನ್ನು ಪಕ್ಷ ತುಂಬುತ್ತದೆ. ಚಿತ್ರ ಹೇಗಿದೆ ಎಂಬ ಪ್ರಶ್ನೆ ಹಿಂದೆ ಸರಿದು, ನೀನು ಯಾರ ಕಡೆಯವನು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಮೊದಲ ದಿನವೇ ಚಿತ್ರ ನೋಡುವ ಸಮಾನತೆಯನ್ನು ಪಡೆದ ಸಣ್ಣ ಊರಿನ ಪ್ರೇಕ್ಷಕನು, ತನ್ನ ಊರಿನ ನಿಧಾನವಾದ ತೀರ್ಪನ್ನು ಇದಕ್ಕೆ ಬೆಲೆಯಾಗಿ ತೆತ್ತಿದ್ದಾನೆ.

ಅಭಿಮಾನದ ಬೆಲೆ

ಪಕ್ಷವಾದ ಅಭಿಮಾನವು ಪರದೆಯ ಮಾತಿನಲ್ಲಿಯೇ ನಿಲ್ಲುವುದಿಲ್ಲ. 2024ರ ಜನವರಿ 8ರ ನಸುಕಿನಲ್ಲಿ ಇದೇ ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ನಟ ಯಶ್ ಅವರ ಜನ್ಮದಿನಕ್ಕಾಗಿ ಕಟೌಟ್ ನಿಲ್ಲಿಸುತ್ತಿದ್ದಾಗ ವಿದ್ಯುತ್ ತಂತಿ ತಗುಲಿ ಮೂವರು ತರುಣರು ಮೃತಪಟ್ಟರು. ಇನ್ನೂ ಕೆಲವರು ಗಾಯಗೊಂಡರು. ಅಂದೇ ಊರಿಗೆ ಬಂದು ಕುಟುಂಬಗಳನ್ನು ಕಂಡ ಯಶ್, ಅಭಿಮಾನವನ್ನು ಈ ರೀತಿ ತೋರಿಸಬಾರದೆಂದು ಕೇಳಿಕೊಂಡರು.

ಈ ದುರಂತವನ್ನು ಹಳ್ಳಿಯ ಹುಡುಗರ ಹುಚ್ಚು ಎಂದು ಬದಿಗಿರಿಸುವುದು ಸುಲಭ. ಆದರೆ ಅದು ವಿವರಣೆಯಾಗದು. ನೂರಾರು ಮೈಲಿ ದೂರದ ನಟನ ಲೋಕದಲ್ಲಿ ತಮ್ಮ ಊರಿನ ಹೆಸರೂ ಕಾಣಬೇಕು ಎಂಬ ಹಂಬಲ ಅದರ ಹಿಂದಿತ್ತೆಂದು ಊಹಿಸಬಹುದು. ಇಂದು ಊರಿನ ಕಟೌಟು ಊರಿನವರಿಗಷ್ಟೇ ನಿಲ್ಲುವುದಿಲ್ಲ. ಅದರ ಚಿತ್ರ ಕ್ಷಣದಲ್ಲಿ ನಾಡಿನೆಲ್ಲ ಅಭಿಮಾನಿಗಳ ಮೊಬೈಲಿಗೆ ಹೋಗುತ್ತದೆ. ಯಾರ ಊರಿನದು ಎತ್ತರ ಎಂಬ ಹೋಲಿಕೆ ನಡೆಯುತ್ತದೆ. ಚಿತ್ರದ ಗುಣದ ಮೇಲೆ ಮಾತನಾಡಿ ಮನ್ನಣೆ ಪಡೆಯುವ ದಾರಿ ಕಿರಿದಾದಾಗ, ಅಭಿಮಾನದ ಗಾತ್ರದಿಂದ ಮನ್ನಣೆ ಪಡೆಯುವ ದಾರಿ ಹಿರಿದಾಗುತ್ತದೆ. ಆದುದರಿಂದ ಚರ್ಚೆಯ ಗುಣಮಟ್ಟದ ಪ್ರಶ್ನೆ ಕೇವಲ ರಸಿಕತೆಯ ಪ್ರಶ್ನೆಯಾಗಿ ಉಳಿದಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಎರೆಸೀಮೆಯ ಪ್ರೇಕ್ಷಕನಿಗೆ ಚಿತ್ರವನ್ನು ಅಳೆಯುವ ಮಾನದಂಡಗಳನ್ನು ಹೊರಗಿನವರು ಕಲಿಸಬೇಕಾಗಿಲ್ಲ. ನಾಟಕ, ಸಂಗೀತ, ಬಯಲಾಟಗಳ ದೀರ್ಘ ಪರಂಪರೆ ಅವನ್ನು ಕೊಟ್ಟಿದೆ. ನುಡಿಯ ಮರ್ಯಾದೆ, ಚರಿತ್ರೆಯ ನಿಷ್ಠೆ, ಪರಭಾಷಾ ಚಿತ್ರಗಳೊಂದಿಗಿನ ಹೋಲಿಕೆ ಇವು ಈ ಪ್ರದೇಶದ ಚರ್ಚೆಯ ಸ್ವಂತ ವಿಷಯಗಳು. ಹೊಸ ಮಾಧ್ಯಮ ಈ ವಿಷಯಗಳಿಗೆ ವ್ಯಾಪ್ತಿಯನ್ನೂ, ‘ಲೂಸಿಯಾ’ದಂತಹ ಸಂದರ್ಭಗಳಲ್ಲಿ ನಿಜವಾದ ಅಧಿಕಾರವನ್ನೂ ಕೊಟ್ಟಿದೆ. ಆದರೆ ನೋಡುವ ಮೊದಲೇ ತೀರ್ಪು ಕೊಡುವ ಅವಸರದಲ್ಲಿ ಆ ಸ್ವಂತ ಮಾನದಂಡಗಳು ಹಿಂದೆ ಬೀಳುತ್ತಿವೆ.

ಸಂಶೋಧನೆಯ ದೃಷ್ಟಿಯಿಂದ ಎರಡು ಕೆಲಸಗಳು ತುರ್ತಾಗಿ ಆಗಬೇಕಾಗಿವೆ. ಟೂರಿಂಗ್ ಟಾಕೀಸುಗಳನ್ನೂ ತಾಲ್ಲೂಕು ಚಿತ್ರಮಂದಿರಗಳನ್ನೂ ಕಂಡ ಹಿರಿಯ ಪ್ರೇಕ್ಷಕರು, ಗೇಟು ಕಾದವರು, ಯಂತ್ರ ನಡೆಸಿದವರು ಇರುವಾಗಲೇ ಅವರ ನೆನಪುಗಳನ್ನು ಧ್ವನಿಮುದ್ರಿಸಿ ಗ್ರಂಥಾಲಯಗಳಲ್ಲಿ ಇಡಬೇಕು. ಹಾಗೆಯೇ ಅಂತರ್ಜಾಲದ ಚರ್ಚೆಯೂ ಶಾಶ್ವತವಲ್ಲ. ಖಾತೆ ಅಳಿದರೆ ಮಾತೂ ಅಳಿಯುತ್ತದೆ ಎಂಬುದನ್ನು ಅರಿತು, ಮಾತನಾಡಿದವರ ಖಾಸಗಿತನಕ್ಕೆ ಧಕ್ಕೆಯಾಗದಂತೆ ಅದನ್ನು ಸಂಗ್ರಹಿಸುವ ಕ್ರಮವನ್ನು ವಿಶ್ವವಿದ್ಯಾಲಯಗಳು ರೂಪಿಸಬೇಕು. ಮುಂದೆ ಎಂದಾದರೂ ‘ನರಗುಂದ ಬಂಡಾಯ’ದಂತಹ ಚಿತ್ರವನ್ನು ಕುರಿತು ಬರೆಯುವ ಸಂಶೋಧಕನಿಗೆ ಚಿತ್ರದ ಪ್ರತಿ ಸುಲಭವಾಗಿ ದೊರೆಯಬಹುದು; ನರಗುಂದದವರು ಅದನ್ನು ನೋಡಿ ಏನೆಂದರು ಎಂಬುದು ಈಗ ಕೇಳಿ ಬರೆದಿಟ್ಟುಕೊಂಡರೆ ಮಾತ್ರ ದೊರೆಯುತ್ತದೆ.